ಸೆಂಟೋಸಾದಲ್ಲಿ ಒಂದೇ ದಿನ: ಇಂಡೋರ್ ಸ್ಕೈಡೈವಿಂಗ್‌ಗೆ ದುಡ್ಡು ಹಾಕಬಹುದಾ?

ನೀವು ಕೇಳಿರುವುದು ಇಷ್ಟು: ದಾವಣಗೆರೆಯಿಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಸಿಂಗಪುರಕ್ಕೆ ಹೊರಟಿದ್ದೀರಿ. ಸೆಂಟೋಸಾ ದ್ವೀಪಕ್ಕೆ ಇರುವುದು ಒಂದೇ ದಿನ. ಮೂವರಿಗೂ ಇಂಡೋರ್ ಸ್ಕೈಡೈವಿಂಗ್, ಅಂದ್ರೆ ಕಟ್ಟಡದೊಳಗೇ ಗಾಳಿಯ ಮೇಲೆ ತೇಲುವ ಆಟ, ಸೇರಿಸಿದ ಪ್ಯಾಕೇಜ್ ತಗೊಳ್ಳಿ ಅಂತ ಏಜೆಂಟ್ ಹೇಳುತ್ತಿದ್ದಾನೆ. ಅಪ್ಪನಿಗೆ ಮಂಡಿ ನೋವು. ನಿಮಗೆ ಎತ್ತರ ಅಂದ್ರೆ ಭಯ.

ನೀವು ಹಾರಿ. ಅಪ್ಪ-ಅಮ್ಮನಿಗೆ ಟಿಕೆಟ್ ಬೇಡ. ಪ್ಯಾಕೇಜ್ ಅಂತೂ ಬೇಡವೇ ಬೇಡ.

ನಾನು ಚಿತ್ರದುರ್ಗದವನು, ನಮ್ಮವ್ವ ಮತ್ತು ಹೆಂಡತಿ ಜೊತೆ ಹೋಗಿದ್ದೆ. ಹಾರಿದ್ದು ನಾನು ಮತ್ತು ಹೆಂಡತಿ. ಅವ್ವ ಗಾಜಿನ ಆಚೆ ಕೂತು ನೋಡಿದಳು. ನನ್ನ ಕೇಳಿದರೆ ಮೂವರಲ್ಲಿ ಜಾಸ್ತಿ ಮಜಾ ಬಂದಿದ್ದು ಅವಳಿಗೇ.

ಮೊದಲು ಭಯದ ವಿಷಯ. ಎತ್ತರದ ಭಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎಲ್ಲಿಂದಲೂ ಕೆಳಗೆ ಜಿಗಿಯುವುದಿಲ್ಲ. ಐಫ್ಲೈ ಅನ್ನುವ ಆ ಜಾಗ ದ್ವೀಪದ ಮೊನೊರೈಲಿನ ಬೀಚ್ ಸ್ಟೇಷನ್ ಪಕ್ಕದಲ್ಲೇ ಇದೆ, 2011ರಲ್ಲಿ ಶುರುವಾಗಿದ್ದು. ಒಳಗೆ ಹದಿನಾರೂವರೆ ಅಡಿ ಅಗಲದ, ಐವತ್ತಾರು ಅಡಿಗೂ ಎತ್ತರದ ಒಂದು ಕೊಳವೆ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಗಾಳಿ ನುಗ್ಗುತ್ತಿರುತ್ತದೆ. ನಮ್ಮ ಕಡೆ ಜೋಗಿಮಟ್ಟಿಯ ಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ದೊಡ್ಡ ಫ್ಯಾನು ನೋಡಿರುತ್ತೀರಲ್ಲ, ಅಲ್ಲಿ ಗಾಳಿ ಫ್ಯಾನನ್ನು ತಿರುಗಿಸುತ್ತದೆ. ಇಲ್ಲಿ ಫ್ಯಾನು ಗಾಳಿಯನ್ನು ಹುಟ್ಟಿಸುತ್ತದೆ. ವಿಮಾನದಿಂದ ಜಿಗಿದವನು ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್‌ಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಏರುವುದಿಲ್ಲ. ಹೆಚ್ಚುಕಮ್ಮಿ ಅಷ್ಟೇ ವೇಗದ ಗಾಳಿಯನ್ನು ಕೆಳಗಿನಿಂದ ಬಿಟ್ಟರೆ ಮನುಷ್ಯ ಬೀಳದೆ ಇದ್ದಲ್ಲೇ ತೇಲುತ್ತಾನೆ. ಜೋಕಾಲಿಯಲ್ಲಿ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಜುಂ ಅನ್ನುತ್ತದಲ್ಲ, ಅದು ಇಲ್ಲಿ ಇಲ್ಲವೇ ಇಲ್ಲ. ಒಳಗೆ ಕಾಲಿಡುವ ಮೊದಲೇ ಗಾಳಿ ತಯಾರಾಗಿರುತ್ತದೆ.

ಭಯ ಆಗುವುದು ಸದ್ದಿಗೆ. ಕಿವಿಗೆ ಪ್ಲಗ್ ಹಾಕಿದರೂ ಗುಂಯ್ ಅನ್ನುತ್ತಿರುತ್ತದೆ. ಮಾತು ಕೇಳಿಸುವುದಿಲ್ಲ. ಅದಕ್ಕೇ ಮೊದಲು ಒಂದು ಚಿಕ್ಕ ಪಾಠ ಮಾಡುತ್ತಾರೆ, ಅದನ್ನು ಗಮನ ಕೊಟ್ಟು ಕೇಳಿ. ಎಲ್ಲಾ ಕೈಸನ್ನೆಯಲ್ಲೇ. ಎರಡು ಬೆರಳು ನೆಟ್ಟಗೆ ತೋರಿಸಿದರೆ ಕಾಲು ಚಾಚಬೇಕು. ಅದೇ ಬೆರಳು ಮಡಚಿದರೆ ಮಂಡಿ ಮಡಚಬೇಕು. ಗದ್ದ ಮೇಲೆತ್ತು ಅನ್ನುವುದಕ್ಕೆ ಇನ್ನೊಂದು. ಹೆಬ್ಬೆರಳು-ಕಿರುಬೆರಳು ಅಲ್ಲಾಡಿಸಿದರೆ ಮೈ ಸಡಿಲ ಬಿಡು ಅಂತ. ನನಗೆ ಜಾಸ್ತಿ ತೋರಿಸಿದ್ದು ಈ ಕೊನೆಯದನ್ನೇ.

ಆಮೇಲೆ ಮೈಮೇಲಿನ ಡ್ರೆಸ್, ಹೆಲ್ಮೆಟ್, ಕನ್ನಡಕ, ಲೇಸಿನ ಶೂ ಕೊಡುತ್ತಾರೆ. ಹೆಣ್ಮಕ್ಕಳು ಸರ, ಬಳೆ, ಓಲೆ ಎಲ್ಲಾ ತೆಗೆದು ಲಾಕರ್‌ನಲ್ಲಿ ಇಡಬೇಕು. ನನ್ನ ಹೆಂಡತಿ ತಾಳಿ ಬಿಚ್ಚಿ ಅವ್ವನ ಕೈಗೆ ಕೊಟ್ಟಳು. ಅವ್ವ ಅದನ್ನು ಪರ್ಸಿಗೆ ಹಾಕಲಿಲ್ಲ, ಮುಷ್ಟಿಯಲ್ಲೇ ಹಿಡಿದು ಕೂತಳು. ನಿಮ್ಮ ಮನೆಯಲ್ಲಿ ಇದಕ್ಕೆ ತಕರಾರು ಆಗಬಹುದು ಅನ್ನಿಸಿದರೆ ಊರಲ್ಲೇ ಮಾತಾಡಿಕೊಂಡು ಹೋಗಿ. ಬಾಗಿಲಲ್ಲಿ ನಿಂತು ಚರ್ಚೆ ಬೇಡ.

ಬಾಗಿಲಲ್ಲಿ ಕೈ ಎತ್ತಿ ಸುಮ್ನೆ ಮುಂದಕ್ಕೆ ವಾಲಬೇಕು ಅಷ್ಟೇ. ಗಾಳಿ ಎದೆಗೆ ಬಂದು ಒತ್ತುತ್ತದೆ, ಕಾಲು ತಾನಾಗಿ ಮೇಲೇಳುತ್ತದೆ. ಮೊದಲ ಹತ್ತು ಸೆಕೆಂಡು ಉಸಿರು ಸಿಗುತ್ತಿಲ್ಲ ಅನ್ನಿಸುತ್ತದೆ. ಸಿಗುತ್ತಿರುತ್ತದೆ, ಗದ್ದ ಎತ್ತಿ ಮೂಗಿನಲ್ಲಿ ಎಳೆದುಕೊಳ್ಳಿ. ಬಾಯಿ ತೆರೆದರೆ ಕೆನ್ನೆ ಪಟಪಟ ಹೊಡೆದುಕೊಳ್ಳುತ್ತದೆ, ಜೊಲ್ಲು ಎಲ್ಲಿಗೆ ಹೋಯಿತು ಅಂತ ಯಾರೂ ಹೇಳಲಾರರು. ಕೆಳಗೆ ನೋಡಿದರೆ ಮೈ ಮುಗ್ಗರಿಸುತ್ತದೆ. ಒಂದು ಅಂಗೈಯನ್ನು ಚೂರು ತಗ್ಗಿಸಿದರೆ ಸಾಕು, ಇಡೀ ಮೈ ಆ ಕಡೆ ತಿರುಗುತ್ತದೆ. ಇದು ಗೊತ್ತಾದ ಗಳಿಗೆಯಲ್ಲಿ ಭಯ ಹೋಗಿ ಆಟ ಶುರುವಾಗುತ್ತದೆ. ಕಲಿಸುವವನು ಬೆನ್ನ ಮೇಲಿನ ಹಿಡಿಕೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಾನೆ, ಎಲ್ಲಿಗೂ ಹಾರಿ ಹೋಗಲು ಬಿಡುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಮೊದಲ ಸಲದವರಿಗೆ ಸಿಗುವುದು ಎರಡು ಸುತ್ತು, ಒಂದೊಂದು 45 ಸೆಕೆಂಡು. ಒಟ್ಟು ಒಂದೂವರೆ ನಿಮಿಷ. ನೂರು ಸಿಂಗಪುರ ಡಾಲರ್ ಆಸುಪಾಸು ಹಿಡಿದುಕೊಳ್ಳಿ, ನಮ್ಮ ದುಡ್ಡಲ್ಲಿ ಆರೇಳು ಸಾವಿರ. ದಿನ, ಹೊತ್ತು ನೋಡಿಕೊಂಡು ರೇಟು ಹೆಚ್ಚುಕಮ್ಮಿ ಆಗುತ್ತದೆ. ಫೋಟೊ, ವಿಡಿಯೊ ಬೇಕಾದರೆ ಅದಕ್ಕೆ ಬೇರೆ. ಒಂದೂವರೆ ನಿಮಿಷಕ್ಕೆ ಇಷ್ಟಾ ಅಂತ ಸಿಟ್ಟು ಬರುವ ಜಾತಿಯವರು ನೀವಾದರೆ ಬಿಟ್ಟುಬಿಡಿ, ಆ ಸಿಟ್ಟಿನಲ್ಲಿ ಹಾರಿದರೂ ಸುಖ ಇಲ್ಲ. ಆದರೆ ನಿಜವಾದ ವಿಮಾನದಿಂದ ಜಿಗಿದರೂ ಪ್ಯಾರಾಚೂಟ್ ಬಿಚ್ಚುವ ಮೊದಲು ಗಾಳಿಯಲ್ಲಿ ಸಿಗುವುದು ಒಂದು ನಿಮಿಷದ ಆಸುಪಾಸು ಮಾತ್ರ. ಆ ಲೆಕ್ಕದಲ್ಲಿ ನನಗೆ ಇದು ಮೋಸ ಅನ್ನಿಸಲಿಲ್ಲ.

ಅಪ್ಪನಿಗೆ ಯಾಕೆ ಬೇಡ ಅಂದೆ ಅಂದ್ರೆ, ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇದ್ದವರಿಗೆ, ಹಿಂದೆ ಭುಜದ ಕೀಲು ತಪ್ಪಿದವರಿಗೆ ಇದು ಆಗದು. ಮಂಡಿ ನೋವಿಗೆ ನೇರವಾಗಿ ಬೇಡ ಅನ್ನದಿದ್ದರೂ ಕಾಲು ಚಾಚು, ಮಡಚು ಅಂತ ಗಾಳಿಯ ಒತ್ತಡದಲ್ಲಿ ಮಾಡಬೇಕಾಗುತ್ತದೆ. ಆ ವಯಸ್ಸಿನಲ್ಲಿ ಯಾಕೆ ಬೇಕು? ಒಳಗೆ ಎಸಿ ಇದೆ, ಕೂತು ನೋಡಲಿ.

ದಿನ ಹೇಗೆ ಹೊಂದಿಸುವುದು ಅಂತ ಕೇಳಿದ್ದೀರಿ. ಸ್ಲಾಟನ್ನು ಮಧ್ಯಾಹ್ನ ಎರಡರ ಸುಮಾರಿಗೆ ತಗೊಳ್ಳಿ, ಒಂದು ಗಂಟೆ ಮೊದಲೇ ಅಲ್ಲಿರಿ. ಮೊದಲಿನಿಂದ ಕೊನೆವರೆಗೆ ಎರಡು ಗಂಟೆ ಹಿಡಿಯುತ್ತದೆ. ಬೇರೆ ಹೊತ್ತಿನ ಸ್ಲಾಟ್ ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ನಾನು ಇದನ್ನೇ ಹೇಳುತ್ತೇನೆ. ಸಿಂಗಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ. ನಮ್ಮ ಒಣ ಬಿಸಿಲಿನ ಹಾಗಲ್ಲ, ಅಂಗಿ ಮೈಗೆ ಅಂಟುವ ಸೆಕೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹೊಡೆಯುತ್ತದೆ. ಆ ಹೊತ್ತಿಗೆ ಸೂರಿನ ಕೆಳಗೆ ಇದ್ದುಬಿಡಬೇಕು.

ಬೆಳಿಗ್ಗೆ ಲಿಟಲ್ ಇಂಡಿಯಾದಲ್ಲಿ ತಿಂಡಿ ಮುಗಿಸಿ. ಅಲ್ಲಿಂದ ನೇರಳೆ ಬಣ್ಣದ ಮೆಟ್ರೊ ಲೈನಿನಲ್ಲಿ ಕೂತರೆ ಬದಲಾಯಿಸದೆ ಹಾರ್ಬರ್‌ಫ್ರಂಟ್ ತಲುಪುತ್ತೀರಿ. ಮೇಲೆ ವಿವೋಸಿಟಿ ಮಾಲ್, ಅದರ ಮೂರನೇ ಮಹಡಿಯಿಂದ ದ್ವೀಪಕ್ಕೆ ಮೊನೊರೈಲು. ಹೋಗುವಾಗ ತಲೆಗೆ ನಾಲ್ಕು ಡಾಲರ್, ಬರುವಾಗ ಪುಕ್ಕಟೆ. ದ್ವೀಪದೊಳಗಿನ ಬಸ್ಸೂ ಪುಕ್ಕಟೆ. ಕೇಬಲ್ ಕಾರ್ ಚೆನ್ನಾಗಿದೆ, ಆದರೆ ದುಬಾರಿ. ಏಜೆಂಟರ ಪ್ಯಾಕೇಜಿನಲ್ಲಿ ಬೆಲೆ ಏರುವುದು ಇಂಥವುಗಳಿಂದಲೇ.

ಮೊದಲು ಸಿಲೋಸೊ ಕೋಟೆಗೆ ಹೋಗಿ. ಹನ್ನೊಂದು ಮಹಡಿ ಎತ್ತರದಲ್ಲಿ ಮರಗಳ ತುದಿಯಲ್ಲಿ ಸಾಗುವ 181 ಮೀಟರ್ ಉದ್ದದ ನಡಿಗೆ ಸೇತುವೆ ಇದೆ. ಹತ್ತಲು ಲಿಫ್ಟ್ ಉಂಟು, ಹಾಗಾಗಿ ಅಪ್ಪನಿಗೆ ತೊಂದರೆ ಇಲ್ಲ. ನಿಮಗೆ ನಿಜವಾಗಿ ಎತ್ತರದ ಭಯ ಆಗುವುದು ಇಲ್ಲೇ, ಪಕ್ಕದ ಕಂಬಿ ಹಿಡಿದುಕೊಂಡು ದೂರ ನೋಡುತ್ತಾ ನಡೆಯಿರಿ. ಸೇತುವೆ, ಕೋಟೆ ಎರಡಕ್ಕೂ ಟಿಕೆಟ್ ಇಲ್ಲ.

ಏಳು ಸುತ್ತಿನ ಕೋಟೆ ನೋಡಿ ಬೆಳೆದವರಿಗೆ ಇದು ಕೋಟೆಯೇ ಅಲ್ಲ. ಗುಡ್ಡದಲ್ಲಿ ತೋಪು, ಸುರಂಗ, ಕಾಂಕ್ರೀಟು, ಅಷ್ಟೇ. ಆದರೆ ಕಥೆ ದುರ್ಗದವರಿಗೆ ಬೇಗ ಹಿಡಿಯುತ್ತದೆ. ಶತ್ರು ಸಮುದ್ರದಿಂದಲೇ ಬರುತ್ತಾನೆ ಅಂತ ಬ್ರಿಟಿಷರು ದೊಡ್ಡ ತೋಪುಗಳನ್ನು ಹೂಡಿ ಕೂತರು. ಜಪಾನಿನವರು ಉತ್ತರದ ಮಲಯಾ ಕಡೆಯಿಂದ ನೆಲದ ಮೇಲೆ ಬಂದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಆಗ ಸೆರೆ ಸಿಕ್ಕವರಲ್ಲಿ ಭಾರತೀಯ ಸೈನಿಕರೇ ಸುಮಾರು ನಲವತ್ತು ಸಾವಿರ. ಆಜಾದ್ ಹಿಂದ್ ಫೌಜ್ ಶುರುವಾಗಿದ್ದು ಅವರಲ್ಲಿ ಅನೇಕರಿಂದ. ಶರಣಾಗತಿಯ ಮೇಜಿನ ಸುತ್ತ ಮೇಣದ ಬೊಂಬೆಗಳನ್ನು ಕೂರಿಸಿದ್ದಾರೆ. ಓಬವ್ವನ ಕಿಂಡಿ ತೋರಿಸುವಾಗ ನಮ್ಮ ಗೈಡ್‌ಗಳು ಹೇಳುವ ರಭಸ ಅಲ್ಲಿನ ಬೋರ್ಡುಗಳಲ್ಲಿ ಇಲ್ಲ, ನೀವೇ ಅಪ್ಪನಿಗೆ ಓದಿ ಹೇಳಬೇಕು.

ಹಾರಾಟ ಮುಗಿದ ಮೇಲೆ ಊಟ ಮಾಡಿ, ಮುಂಚೆ ಬೇಡ. ಸಂಜೆ ಬೀಚ್ ಬಸ್ಸಿನಲ್ಲಿ ಪಲವಾನ್ ಬೀಚ್ ಕಡೆ ಹೋಗಿ ಕೂರಿ. ವರ್ಷವಿಡೀ ಅಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ, ಹೊತ್ತು ಬೇಕಾದಷ್ಟು ಸಿಗುತ್ತದೆ. ಸಮುದ್ರದಲ್ಲಿ ಹಡಗುಗಳ ಸಾಲು ನಿಂತಿರುತ್ತದೆ. ಗೋಕರ್ಣದ ಅಲೆ ನಿರೀಕ್ಷಿಸಬೇಡಿ, ನೀರು ಕೆರೆಯ ಹಾಗೆ ಮಲಗಿರುತ್ತದೆ. ಯೂನಿವರ್ಸಲ್ ಸ್ಟುಡಿಯೋಸ್ ಇದೇ ದಿನಕ್ಕೆ ತುರುಕಬೇಡಿ, ಅದಕ್ಕೇ ಒಂದು ದಿನ ಬೇಕು.

ರಾತ್ರಿ ಊಟಕ್ಕೆ ಮತ್ತೆ ಲಿಟಲ್ ಇಂಡಿಯಾಗೇ ಬನ್ನಿ. ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ಬೆಣ್ಣೆ ದೋಸೆ ಮಾತ್ರ ಕೇಳಬೇಡಿ. ಇನ್ನೊಂದು, ಮನೆಯಲ್ಲಿ ಯಾರಾದರೂ ಗುಟ್ಕಾ, ಜರ್ದಾ ಹಾಕುವವರಿದ್ದರೆ ಬ್ಯಾಗು, ಜೇಬು ಎಲ್ಲಾ ಬೆಂಗಳೂರಲ್ಲೇ ಜಾಲಾಡಿಸಿ. ಅಗಿಯುವ ತಂಬಾಕಿಗೆ ಅಲ್ಲಿ ನಿಷೇಧ ಇದೆ, ಸಿಕ್ಕರೆ ದಂಡ ಗ್ಯಾರಂಟಿ.