ಹಣಕಾಸು ಪ್ರಶ್ನೋತ್ತರ: ರಿಸರ್ವ್ ಬ್ಯಾಂಕ್ ಇರುವಾಗ ಭಯ ಯಾಕೆ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಿವೃತ್ತಿಯಾದಾಗ ಬಂದ 12 ಲಕ್ಷವನ್ನು ಊರಿನ ಸಹಕಾರ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದೇನೆ. ಬಡ್ಡಿ ಜಾಸ್ತಿ ಸಿಗುತ್ತದೆ. ಮಗ ‘ತೆಗೆದುಬಿಡಿ’ ಅಂತಾನೆ. ರಿಸರ್ವ್ ಬ್ಯಾಂಕ್ ನೋಡಿಕೊಳ್ಳುತ್ತಿರುವಾಗ ದುಡ್ಡು ಎಲ್ಲಿಗೆ ಹೋಗುತ್ತೆ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ರಿಸರ್ವ್ ಬ್ಯಾಂಕ್ ನೋಡಿಕೊಳ್ಳುವುದು ನಿಜ. ಆದರೆ ಅದು ನೋಡುವುದು ಬ್ಯಾಂಕನ್ನು, ನಿಮ್ಮ ಎಫ್‌ಡಿಯನ್ನಲ್ಲ.

ಮುಖ್ಯವಾಗಿ ನೋಡುವುದು ಸ್ವಂತ ಬಂಡವಾಳ. ವಾಣಿಜ್ಯ ಬ್ಯಾಂಕಾದರೆ, ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕಿದ ಪ್ರತಿ 100 ರೂ. ಸಾಲಕ್ಕೆ ಕನಿಷ್ಠ 9 ರೂ. ಷೇರುದಾರರದ್ದು ಮತ್ತು ಬ್ಯಾಂಕಿನದೇ ಆದ ದುಡ್ಡು ಇರಬೇಕು. ಸಾಲ ಮುಳುಗಿದರೆ ಮೊದಲ ಪೆಟ್ಟು ಅದಕ್ಕೆ, ಆಮೇಲೆ ನಿಮಗೆ. ಸಾಲದ ಕಂತು 90 ದಿನ ದಾಟಿಯೂ ಬರದಿದ್ದರೆ ಅದನ್ನು ಎನ್‌ಪಿಎ (ವಸೂಲಿ ನಿಂತ ಸಾಲ) ಅಂತ ತೋರಿಸಿ, ಲಾಭದಲ್ಲಿ ಒಂದು ಪಾಲು ತೆಗೆದಿಡಬೇಕು.

ಕಳ್ಳಾಟ ನಡೆಯುವುದೂ ಇಲ್ಲೇ. ನಾನು ಬ್ಯಾಂಕ್ ಇನ್‌ಸ್ಪೆಕ್ಷನ್‌ಗೆ ಹೋಗುತ್ತಿದ್ದ ಕಾಲದಲ್ಲಿ ಮಾರ್ಚ್ ಕೊನೆಯ ವಾರದ ವೋಚರ್ ಕಟ್ಟನ್ನೇ ಮೊದಲು ಕೇಳುತ್ತಿದ್ದೆ. ಒಂದು ಕಡೆ ಅಕ್ಕಿ ಗಿರಣಿಯ ಹಳೇ ಸಾಲ 30ನೇ ತಾರೀಕು ಪೂರ್ತಿ ತೀರಿತ್ತು. ಅದೇ ದಿನ, ಅಷ್ಟೇ ಮೊತ್ತದ ಹೊಸ ಸಾಲ ಮಾಲೀಕರ ತಮ್ಮನ ಹೆಸರಲ್ಲಿ! ಎರಡೂ ವೋಚರ್ ಒಂದೇ ಕೈಬರಹ. ಕಾಗದದಲ್ಲಿ ಸಾಲ ಚೊಕ್ಕ, ಒಳಗೆ ಹುಳ. ಇಂಥವು ಹತ್ತಾರು ಸೇರಿದರೆ ಬಂಡವಾಳ ಕರಗಿರುವುದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಗೊತ್ತಾದಾಗ ಏನಾಗುತ್ತದೆ? 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಲ್ಲಿ ಎಷ್ಟೇ ಇದ್ದರೂ 35,000 ರೂ. ಮೇಲೆ ತೆಗೆಯುವಂತಿರಲಿಲ್ಲ. ಪಿಂಚಣಿದಾರರು ಬಾಗಿಲಲ್ಲಿ ನಿಂತು ಅತ್ತರು. ಈ ಕ್ರಮ ಕ್ರೂರ ಅನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಬೇರೆ ದಾರಿ ಇಲ್ಲ. ಬಾಗಿಲು ತೆರೆದಿಟ್ಟರೆ ಒಳಸುದ್ದಿ ತಿಳಿದವರು ಮೊದಲು ಬಳಿದುಕೊಂಡು ಹೋಗುತ್ತಾರೆ, ನಿಮ್ಮಂಥವರಿಗೆ ಉಳಿಯುವುದು ಪಾಸ್‌ಬುಕ್ ಮಾತ್ರ. ತಡವಾಗಿ ಎಚ್ಚೆತ್ತರು ಅನ್ನುವ ದೂರು ಬೇರೆ, ಅದನ್ನು ಒಪ್ಪುತ್ತೇನೆ.

ಇನ್ನು ನಿಮ್ಮ 12 ಲಕ್ಷ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ದುಡ್ಡು ಕೊಡುವ ಠೇವಣಿ ವಿಮೆ 1 ಲಕ್ಷ ಇದ್ದದ್ದು 2020ರ ಫೆಬ್ರವರಿ 4ರಿಂದ 5 ಲಕ್ಷ ಆಯಿತು. 2021ರ ತಿದ್ದುಪಡಿಯ ಪ್ರಕಾರ, ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ಈ ದುಡ್ಡು ಸಾಮಾನ್ಯವಾಗಿ 90 ದಿನದಲ್ಲಿ ಸಿಗಬೇಕು. ಗಮನಿಸಿ: ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. ಅದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಹಂಚಿದರೂ ಒಂದೇ ಲೆಕ್ಕ. ಹೆಂಡತಿಯ ಜೊತೆ ಜಂಟಿ ಖಾತೆಯಿದ್ದರೆ ಅದು ಮಾತ್ರ ಬೇರೆ.

ಹಾಗಾಗಿ ಮಗ ಹೇಳಿದಂತೆ ಎಲ್ಲವನ್ನೂ ಇವತ್ತೇ ಕೀಳಬೇಕಿಲ್ಲ, ಅವಧಿಗೆ ಮೊದಲೇ ತೆಗೆದರೆ ಬಡ್ಡಿ ಕಡಿತ. ಅಲ್ಲಿ ನಾಲ್ಕೂವರೆ ಲಕ್ಷ ಬಿಡಿ. ಉಳಿದದ್ದನ್ನು ಅವಧಿ ಮುಗಿದಂತೆ ಬೇರೆ ಎರಡು ಬ್ಯಾಂಕಿಗೆ ಹಾಕಿ. ಅದಕ್ಕೂ ಮೊದಲು ರಸೀದಿ ತೆಗೆದು ನೋಡಿ, ಅದು ನಿಜವಾಗಿ ಬ್ಯಾಂಕೇ, ಅಲ್ಲ ಪತ್ತಿನ ಸಹಕಾರ ಸಂಘವೇ? ಸಂಘವಾದರೆ ಈ ವಿಮೆ ಇಲ್ಲವೇ ಇಲ್ಲ. ಆಗ ನಾಳೆ ಬೆಳಿಗ್ಗೆಯೇ ಹೋಗಿ, ಬಡ್ಡಿ ಕಡಿತದ ಚಿಂತೆ ಬಿಡಿ.