ನರ್ಸಿಂಗ್ ಮೊದಲ ವರ್ಷ, ಇಂಗ್ಲಿಷ್ ವೀಕು, ಕನ್ನಡ ಮಾಧ್ಯಮ, ಅದಕ್ಕೇ ಕಷ್ಟ: ಮೆಡಿಕಲ್ ಪದಗಳ 500 ಬೇರು, ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡಲಾ, ಇಲ್ಲ ಆ್ಯಪ್ ತಗೊಳ್ಳಲಾ?

ಎರಡೂ ಬೇಡ. ಪಟ್ಟಿ ಬಾಯಿಪಾಠ ಮಾಡಿ ಕೆಟ್ಟವಳು ನಾನು, ಅದಕ್ಕೇ ಹೇಳ್ತಿದ್ದೀನಿ.

ನಮ್ಮದು ಜಗಳೂರು ತಾಲ್ಲೂಕು. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ, ಪಿಯುಸಿ ಆರ್ಟ್ಸ್, ಆಮೇಲೆ ದಾವಣಗೆರೆಯಲ್ಲಿ ಜಿ.ಎನ್.ಎಂ., ಅಂದರೆ ನರ್ಸಿಂಗ್ ಡಿಪ್ಲೊಮಾ. ಮೊದಲ ವಾರ ಅನಾಟಮಿ ಕ್ಲಾಸಿನಲ್ಲಿ ಬೋರ್ಡಿನ ಮೇಲಿದ್ದ ಪದಗಳನ್ನು ನೋಡಿ ಊರಿಗೆ ವಾಪಸ್ ಹೋಗೋಣ ಅನ್ನಿಸಿತ್ತು. ಸೀನಿಯರ್ ಒಬ್ಬಳು ಹನ್ನೆರಡು ಪುಟದ ಜೆರಾಕ್ಸ್ ಕೊಟ್ಟಳು. ಅದನ್ನೇ ಲಾಂಗ್‌ಬುಕ್ಕಿಗೆ ಇಳಿಸಿಕೊಂಡೆ. ಇಂಗ್ಲಿಷ್ ತುಣುಕು ಕೆಂಪು ಪೆನ್ನಿನಲ್ಲಿ, ಅರ್ಥ ನೀಲಿಯಲ್ಲಿ. ಬೆಳಗಿನ ಜಾವ ಹಾಸ್ಟೆಲ್ ತಾರಸಿ ಮೇಲೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ: ಕಾರ್ಡಿಯೋ ಹೃದಯ, ಹೆಪಾಟೋ ಲಿವರ್, ನೆಫ್ರೋ ಕಿಡ್ನಿ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬೋ ಪ್ರಶ್ನೆಗಳಿಗೆ ಪೂರ್ತಿ ಅಂಕ ಬಂತು. ನನಗೆ ಕೋಡು ಮೂಡಿತು.

ಆ ಲಾಂಗ್‌ಬುಕ್ಕಿನ ಒಂದು ಪುಟದ ಬಗ್ಗೆ ಹೇಳಲೇಬೇಕು. ಪದಗಳ ಬಾಲದಲ್ಲಿ ಬರೋ ಎಕ್ಟಮಿ, ಆಟಮಿ, ಆಸ್ಟಮಿ, ಮೂರೂ ಒಂದರ ಕೆಳಗೊಂದು ಇದ್ದವು. ಮೂರಕ್ಕೂ ಬೇರೆ ಬೇರೆ ಅರ್ಥ ಬರೆಯೋಕೆ ಬೇಜಾರಾಗಿ, ಮೂರನ್ನೂ ಸೇರಿಸಿ ಒಂದು ದೊಡ್ಡ ಪುಷ್ಪಾವರಣ ಎಳೆದು, ಪಕ್ಕದಲ್ಲಿ 'ಆಪರೇಷನ್' ಅಂತ ಒಂದೇ ಮಾತು ಬರೆದಿದ್ದೆ. ಎಂಥಾ ಆಪರೇಷನ್ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೂರರಲ್ಲಿ ದಿನಾ ಕಿವಿಗೆ ಬೀಳುತ್ತಿದ್ದದ್ದು ಎಕ್ಟಮಿ: ಅಪೆಂಡೆಕ್ಟಮಿ, ಹಿಸ್ಟರೆಕ್ಟಮಿ. ಅಪೆಂಡಿಕ್ಸ್ ತೆಗೆದರು, ಗರ್ಭಕೋಶ ತೆಗೆದರು. ಹಾಗಾಗಿ ಆ ಆವರಣದೊಳಗಿನ ಮೂರಕ್ಕೂ ನನ್ನ ತಲೆಯಲ್ಲಿ 'ತೆಗೆಯೋದು' ಅಂತಲೇ ಅರ್ಥ ಕೂತುಬಿಟ್ಟಿತ್ತು. ಕೂತಿದೆ ಅನ್ನೋದು ನನಗೇ ಗೊತ್ತಿರಲಿಲ್ಲ, ತೊಂದರೆ ಆಗಿದ್ದೇ ಅಲ್ಲಿ. ಗೊತ್ತಿಲ್ಲ ಅಂತ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಎರಡನೇ ವರ್ಷ ಸರ್ಜರಿ ವಾರ್ಡಿಗೆ ನೈಟ್ ಹಾಕಿದರು. ನಮ್ಮ ಕಡೆಯವರೇ ಒಬ್ಬ ಯಜಮಾನರು ಅಡ್ಮಿಟ್ ಆಗಿದ್ದರು, ಮೆಕ್ಕೆಜೋಳ, ಈರುಳ್ಳಿ ಬೆಳೆಯೋರು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಮೂತ್ರ ಕೆಳಗಿಳಿಯದೆ ಎಡಗಡೆ ಕಿಡ್ನಿ ಊದಿ ಕೀವಾಗಿತ್ತು. ಚಳಿಜ್ವರ ಬೇರೆ. ಕೇಸ್ ಶೀಟಿನಲ್ಲಿ ಬೆಳಗಿನ ಪ್ಲಾನ್: ಪರ್‌ಕ್ಯುಟೇನಿಯಸ್ ನೆಫ್ರಾಸ್ಟಮಿ.

ರಾತ್ರಿ ಹನ್ನೊಂದರ ಸುಮಾರಿಗೆ ಅವರ ಮಗ ಬಂದ. ನನ್ನ ಮಾತಿನ ಧಾಟಿ ಕೇಳಿ ನಮ್ಮೂರ ಕಡೆಯವಳು ಅಂತ ಗುರುತು ಹಿಡಿದಿದ್ದ.

"ಅಕ್ಕಾರೇ, ಡಾಕ್ಟ್ರು ಇಂಗ್ಲಿಷ್‌ನಾಗೆ ಏನೇನೋ ಹೇಳಿ ಹೋದ್ರು. ನಾಳೆ ನಮ್ಮಪ್ಪಂಗೆ ಏನ್ ಮಾಡ್ತಾರಂತ್ರೀ?"

ವಿದ್ಯಾರ್ಥಿನಿಯಾಗಿ ನಾನು ಹೇಳಬೇಕಾದ್ದು ಒಂದೇ ಮಾತು: ಡಾಕ್ಟರನ್ನು ಕರೆಸ್ತೀನಿ, ತಡೀರಿ. ಆದರೆ ಅವನು ನನ್ನನ್ನು ಅಕ್ಕಾರೇ ಅಂದಿದ್ದ, ನನಗೆ ಪದ ಬಿಡಿಸೋಕೆ ಬರುತ್ತಿತ್ತು. ನೆಫ್ರೋ ಅಂದರೆ ಕಿಡ್ನಿ. ಆಸ್ಟಮಿ ಅಂದರೆ...

"ಎಡಗಡೆ ಕಿಡ್ನಿ ತೆಗೀತಾರೆ" ಅಂದೆ.

ಅವನ ಮುಖ ಹೇಗಾಯಿತು ಅಂತ ಬರೆಯೋದಿಲ್ಲ. ಊರಿಗೆ ಫೋನ್ ಹೋಯಿತು, ಸೋದರಮಾವ ಟೆಂಪೊ ಮಾಡಿಕೊಂಡು ಬಂದ. ಕಲ್ಲು ಅಂತ ಕರಕೊಂಡು ಬಂದರೆ ಕಿಡ್ನಿ ಕೀಳ್ತಾರಂತೆ ಅಂತ ವಾರ್ಡೆಲ್ಲ ಗದ್ದಲ. ಡ್ಯೂಟಿ ಡಾಕ್ಟರು ಬಂದು ಎಷ್ಟು ಹೇಳಿದರೂ ನಂಬಲಿಲ್ಲ. ನಂಬುವ ಮಾತನ್ನು ಅವರ ಭಾಷೆಯಲ್ಲಿ ಮೊದಲು ಹೇಳಿದವಳು ನಾನಾಗಿದ್ದೆ. ನಮ್ಮ ಜವಾಬ್ದಾರಿ ಮೇಲೆ ಹೋಗ್ತೀವಿ ಅಂತ ಸಹಿ ಹಾಕಿ ನಸುಕಿಗೇ ಹೊರಟರು. ಮರುದಿನ ಸಂಜೆ ವಾಪಸ್ ಬಂದಾಗ ಯಜಮಾನರಿಗೆ ಬಿಪಿ ಇಳಿದಿತ್ತು, ಮಾತು ತೊದಲುತ್ತಿತ್ತು. ನೇರ ಐಸಿಯು. ಬದುಕಿಕೊಂಡರು. ಆ ವರ್ಷದ ಈರುಳ್ಳಿ ದುಡ್ಡು ಬಿಲ್ಲಿಗೆ ಹೋಯಿತು. ನನ್ನ ಪಾಲಿಗೆ, ವಾರ್ಡ್ ಪೋಸ್ಟಿಂಗ್ ಮೊದಲಿಂದ ಮಾಡಬೇಕಾಯಿತು, ಕೋರ್ಸ್ ಮುಗಿದ ಮೇಲೆ ಅಲ್ಲೇ ಸಿಗಬೇಕಿದ್ದ ಕೆಲಸವೂ ಹೋಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ.

ಅವರಿಗೆ ಮಾಡಬೇಕಿದ್ದದ್ದು ಇಷ್ಟು: ಜಾಗ ಮರಗಟ್ಟಿಸಿ, ಬೆನ್ನ ಕಡೆಯಿಂದ ಚರ್ಮದ ಮೂಲಕ ಸೂಜಿ ಹಾಕಿ, ಕಿಡ್ನಿಗೆ ಸಣ್ಣ ಟ್ಯೂಬ್ ಇಟ್ಟು ಕೀವು, ಮೂತ್ರ ಹೊರಗೆ ಬಿಡೋದು. ಕಿಡ್ನಿ ಉಳಿಸೋ ಕೆಲಸ ಅದು. ನಾನು ಪೂರ್ತಿ ತಿರುಗಾಮುರುಗಾ ಹೇಳಿದ್ದೆ.

ಬೈದು ಸುಸ್ತಾದ ಮೇಲೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಒಂದು ಮೋಸಂಬಿ ತಗೊಂಡರು. ಬ್ಲೇಡಿನಿಂದ ಸಿಪ್ಪೆ ಮೇಲೆ ಒಂದು ಗೀರು ಎಳೆದರು. "ಇದು ಆಟಮಿ. ಕೊಯ್ದೆ, ಅಷ್ಟೆ." ಇನ್ನೊಂದು ಕಡೆ ತೂತು ಮಾಡಿ, ಬಿಸಾಡೋ ಡ್ರಿಪ್ ಸೆಟ್ಟಿನ ತುಂಡು ಟ್ಯೂಬ್ ತುರುಕಿ ಹಣ್ಣನ್ನು ಅಮುಕಿದರು. ರಸ ತೊಟ್ಟುತೊಟ್ಟಾಗಿ ಟ್ರೇಗೆ ಬಿತ್ತು. "ಇದು ಆಸ್ಟಮಿ. ಗ್ರೀಕಿನಲ್ಲಿ ಸ್ಟೋಮಾ ಅಂದ್ರೆ ಬಾಯಿ. ಬಾಯಿ ಇಟ್ಟರೆ ಕಿತ್ತುಕೊಂಡರು ಅಂತಾರೇನಮ್ಮ?" ಕೊನೆಗೆ ಸಿಪ್ಪೆ ಬಿಡಿಸಿ ಒಂದು ತೊಳೆ ಕಿತ್ತು ನನ್ನ ಕೈಗಿಟ್ಟರು. "ಇದು ಎಕ್ಟಮಿ. ತಿನ್ನು." ತಿನ್ನೋಕೆ ಆಗಲಿಲ್ಲ.

ಈಗ ನಿಮ್ಮ ವಿಷಯ. 'ಇಂಗ್ಲಿಷ್ ವೀಕು, ಕನ್ನಡ ಮಾಧ್ಯಮ, ಅದಕ್ಕೇ ಕಷ್ಟ' ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಇವು ಹುಟ್ಟಿನಿಂದ ಇಂಗ್ಲಿಷೇ ಅಲ್ಲ, ಬಹುಪಾಲು ಗ್ರೀಕ್, ಲ್ಯಾಟಿನ್. ಕಾನ್ವೆಂಟಿನಲ್ಲಿ ಓದಿದವರಿಗೂ ಅವು ಮನೆಮಾತಲ್ಲ. ಮೇಲಾಗಿ ಹೈಸ್ಕೂಲಿನಲ್ಲಿ ಸಂಧಿ, ಸಮಾಸ ಬಿಡಿಸಿ ಬಿಡಿಸಿ ಕೈ ಪಳಗಿದವರು ನೀವು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಬಿದ್ದುಹೋಗುತ್ತಲ್ಲ? ನೆಫ್ರೋ ಜೊತೆ ಐಟಿಸ್ (ಉರಿಯೂತ) ಸೇರಿ ನೆಫ್ರೈಟಿಸ್ ಆಗುವಾಗ ಓಕಾರ ಬೀಳೋದೂ ಅದೇ ಲೋಪಸಂಧಿ. ಮುಂದೆ ವ್ಯಂಜನ ಬಂದರೆ ಓಕಾರ ಉಳಿಯುತ್ತೆ: ನೆಫ್ರಾಲಜಿ (ಇಂಗ್ಲಿಷ್‌ನಲ್ಲಿ nephrology ಅಂತ ಬರೆದು ನೋಡಿ, o ಅಲ್ಲೇ ಇದೆ). ತತ್ಪುರುಷದಲ್ಲಿ ಉತ್ತರಪದ ಪ್ರಧಾನ ಅಂತ ಮೇಷ್ಟ್ರು ಹೊಡೆದು ಕಲಿಸಿರ್ತಾರೆ. ಖಾರಮಂಡಕ್ಕಿ ಎಷ್ಟೇ ಖಾರ ಇದ್ದರೂ ಮಂಡಕ್ಕಿನೇ. ಹಾಗೆ ಈ ಪದಗಳನ್ನೂ ಬಾಲದಿಂದ ಹಿಡಿದು ಓದಿ. ಕೋಲಿಸಿಸ್ಟೆಕ್ಟಮಿ: ಎಕ್ಟಮಿ, ತೆಗೆಯೋದು. ಏನನ್ನು? ಸಿಸ್ಟ್, ಚೀಲ. ಯಾವ ಚೀಲ? ಕೋಲಿ, ಪಿತ್ತ. ಪಿತ್ತಕೋಶ ತೆಗೆಯೋದು, ಮುಗೀತು.

ಉಪಸರ್ಗಗಳಲ್ಲಂತೂ ಅರ್ಧ ನಮ್ಮ ನೆಂಟರೇ. ಗ್ರೀಕ್, ಸಂಸ್ಕೃತ ಒಂದೇ ಮೂಲದ ಭಾಷೆಗಳು. ಹೈಪರ್ ಅಂದರೆ ಉಪರಿ, ನಮ್ಮ ಉಪ್ಪರಿಗೆಯಲ್ಲಿ ಇರೋದು ಅದೇ. ಹೈಪೋ ಅಂದರೆ ಉಪ, ಉಪನಿರ್ದೇಶಕರು ನಿರ್ದೇಶಕರಿಗಿಂತ ಕೆಳಗೆ ತಾನೆ? ಡಿಸ್ ಅಂದರೆ ದುಸ್, ಕೆಟ್ಟದ್ದು; ಪೆರಿ ಅಂದರೆ ಪರಿ, ಸುತ್ತ. ಆಸ್ಟಿಯೋ ನಮ್ಮ ಅಸ್ಥಿ. ಅನೀಮಿಯಾದ 'ಅನ್' ಅನುಚಿತದ 'ಅನ್'. ನನಗೆ ಯಾರಾದರೂ ಇದನ್ನು ಮೊದಲ ವರ್ಷವೇ ಹೇಳಿದ್ದಿದ್ದರೆ!

ಕಿಡ್ನಿಗೆ ನೆಫ್ರೋ, ರೀನಲ್ ಅಂತ ಎರಡು ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದು ಗ್ರೀಕ್, ಒಂದು ಲ್ಯಾಟಿನ್. ನಾವು ಹೃದಯ ಅಂತಲೂ ಅಂತೀವಿ, ಗುಂಡಿಗೆ ಅಂತಲೂ ಅಂತೀವಿ.

ಬಿಡಿಸಿ ಬಂದ ಅರ್ಥವನ್ನು ಕಣ್ಣುಮುಚ್ಚಿ ನಂಬಲೂಬೇಡಿ. ಅನೀಮಿಯಾ ಬಿಡಿಸಿದರೆ 'ರಕ್ತ ಇಲ್ಲ'. ರಕ್ತವೇ ಇಲ್ಲದೆ ಯಾರು ಓಪಿಡಿಗೆ ನಡಕೊಂಡು ಬರ್ತಾರೆ? ಆರ್ಟರಿ ರಕ್ತನಾಳ, ಆದರೆ ಗ್ರೀಕಿನಲ್ಲಿ ಆ ಹೆಸರು ಶ್ವಾಸನಾಳಕ್ಕೂ ಇತ್ತು, ಅದರೊಳಗೆ ಗಾಳಿ ಓಡುತ್ತೆ ಅಂತ ಹಳೇ ಗ್ರೀಕರಲ್ಲಿ ಕೆಲವರು ನಂಬಿದ್ದರು. ಮಯಲೋ ಒಂದು ಕಡೆ ಮೂಳೆಯೊಳಗಿನ ಮಜ್ಜೆ, ಇನ್ನೊಂದು ಕಡೆ ಬೆನ್ನುಹುರಿ.

ನಾನು ಆಮೇಲೆ ಮಾಡಿದ್ದು ಇಷ್ಟೆ. ಪಟ್ಟಿ ಮುಟ್ಟಲಿಲ್ಲ. ದಿನಾ ವಾರ್ಡಿನ ನಾಲ್ಕು ಕೇಸ್ ಶೀಟಿನಿಂದ ನಾಲ್ಕು ಪದ, ಹೆಸರು ಬರೆದುಕೊಳ್ಳದೆ, ಬರೀ ಪದ. ಬಿಡಿಸೋದು, ಆ ಪೇಷಂಟಿಗೆ ನಿಜಕ್ಕೂ ಏನಾಗಿದೆ ಅಂತ ನೋಡೋದು, ನಮ್ಮವ್ವನಿಗೆ ಹೇಳೋ ಹಾಗೆ ಒಂದು ಕನ್ನಡ ವಾಕ್ಯ ಬರೆಯೋದು. ವಾಕ್ಯ ಬರಲಿಲ್ಲ ಅಂದರೆ ನನಗೆ ಪದ ಬಂದಿಲ್ಲ ಅಂತ ಲೆಕ್ಕ. ಬರೆದದ್ದನ್ನು ಸಿಸ್ಟರಿಗೆ ತೋರಿಸೋವರೆಗೆ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ.

ಆ್ಯಪಿಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಮೋಸಂಬಿ ತನ್ನಿ.