ಓದುಗರ ಪ್ರಶ್ನೆ: ತಾಳಮದ್ದಳೆ ಸೀಡಿಗಳು ಎಷ್ಟು ವರ್ಷ ಬಾಳುತ್ತವೆ?

ಪ್ರಶ್ನೆ: 2004–05ರ ಸುಮಾರಿಗೆ ನಮ್ಮೂರ ತಾಳಮದ್ದಳೆಗಳನ್ನು ಆಡಿಯೊ ಸೀಡಿಗೆ ಹಾಕಿಸಿ ಇಟ್ಟಿದ್ದೆವು, ಸುಮಾರು 40 ಇವೆ. ಈಗ ಕೆಲವದರಲ್ಲಿ ಕೊನೆಯ ಪದ್ಯಗಳು ಬರುವಾಗ ಕಟಕಟ ಸದ್ದು. ಉಳಿದವು ಸರಿಯಾಗಿವೆ. ಸೀಡಿ ನೂರು ವರ್ಷ ಬಾಳುತ್ತದೆ ಎಂದಿದ್ದರು. ನಿಜವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೂರು ವರ್ಷ ಎಂಬುದು ಒಳ್ಳೆಯ ದರ್ಜೆಯ ಸೀಡಿಯನ್ನು ತಂಪಾದ, ಒಣ, ಕತ್ತಲ ಜಾಗದಲ್ಲಿಟ್ಟರೆ ಎಂಬ ಅಂದಾಜು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಸು ಹಿಡಿಯುವ ಕಾಸರಗೋಡಿಗೆ ಆ ಲೆಕ್ಕ ಹೊಂದುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಚಿತ್ರಗೀತೆ ಸೀಡಿಯಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ನೀವು ರೈಟ್ ಮಾಡಿಸಿದ್ದರಲ್ಲಿ ಇರುವುದು ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಗುರುತು. ಬಿಸಿಲು, ಸೆಕೆಗೆ ಆ ಬಣ್ಣ ಕೆಡುತ್ತದೆ. ಅದರ ಮೇಲಿನ ಬೆಳ್ಳಿ ಪದರಕ್ಕೆ ತೇವ ತಾಗಿದರೆ ಕಪ್ಪಾಗುತ್ತದೆ. ಬೆಳ್ಳಿಯನ್ನು ಕಾಯುವುದು ಹೆಸರು ಬರೆಯುವ ಬದಿಯ ತೆಳು ವಾರ್ನಿಶ್ ಮಾತ್ರ. ಹಾಗಾಗಿ ಆ ಬದಿಯ ಗೀರು ಹೊಳೆಯುವ ಬದಿಯ ಗೀರಿಗಿಂತ ಅಪಾಯ.

ಸೀಡಿ ಓದುವುದು ಒಳಗಿನಿಂದ ಹೊರಗೆ. ತೇವ ನುಗ್ಗುವುದು, ಬೆರಳು ತಾಗುವುದು ಹೊರ ಅಂಚಿಗೆ. ಕೊನೆಯ ಪದ್ಯಗಳೇ ಮೊದಲು ಹಾಳಾಗುವುದು ಇದರಿಂದ. ಬಲ್ಬಿಗೆ ಹಿಡಿದು ನೋಡಿ: ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿದರೆ ಅಲ್ಲಿ ಬೆಳ್ಳಿ ಹೋಗಿದೆ.

‘ಉಳಿದವು ಸರಿಯಾಗಿವೆ’ ಎಂಬುದನ್ನು ಮಾತ್ರ ನಂಬಬೇಡಿ. ಓದಲಾಗದ ಚೂರನ್ನು ಪ್ಲೇಯರ್ ಹಿಂದುಮುಂದಿನ ಧ್ವನಿಯಿಂದ ಅಂದಾಜಿಸಿ ತುಂಬಿಬಿಡುತ್ತದೆ. ಕಿವಿಗೆ ಕಟಕಟ ಕೇಳುವ ಹೊತ್ತಿಗೆ ಅದರ ಕೈಯೂ ಸೋತಿರುತ್ತದೆ. ಆದ್ದರಿಂದ ನಲವತ್ತನ್ನೂ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿ, ಕೆಟ್ಟ ಸೂಚನೆ ಇರುವವನ್ನು ಮೊದಲು.

ಮೆತ್ತನೆ ಹತ್ತಿಬಟ್ಟೆಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತುಸು ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಧ್ವನಿಯ ಸಾಲಿನ ಉದ್ದಕ್ಕೇ ಹೋಗುತ್ತದೆ, ಅದನ್ನು ಸರಿಪಡಿಸಿ ಓದುವುದು ಕಷ್ಟ. ವಿಂಡೋಸ್‌ನಲ್ಲಿ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಎಂಬ ಉಚಿತ ತಂತ್ರಾಂಶವನ್ನು ಸೆಕ್ಯೂರ್ ಮೋಡ್‌ನಲ್ಲಿ ಬಳಸಿ. ಅದು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ, ಸಿಗದಿದ್ದರೆ ಎಲ್ಲಿ ಸಿಗಲಿಲ್ಲ ಎಂದು ವರದಿ ಕೊಡುತ್ತದೆ. ಡ್ರೈವ್ ಓದುವ ವೇಗವನ್ನು 4x ಅಥವಾ 8xಗೆ ಇಳಿಸಿ. ಆಗಲೂ ತಪ್ಪು ಬಂದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಕೈಬಿಟ್ಟದ್ದನ್ನು ಇನ್ನೊಂದು ಓದುವುದುಂಟು.

ಒಂದು ಗಂಟೆಯ ಧ್ವನಿ ವೇವ್ ಎಂಬ ಕುಗ್ಗಿಸದ ರೂಪದಲ್ಲಿ ಸುಮಾರು 635 ಎಂಬಿ. ಫ್ಲಾಕ್ ಎಂಬ ರೂಪಕ್ಕೆ ಕುಗ್ಗಿಸಿದರೆ ಹೆಚ್ಚುಕಡಿಮೆ ಅರ್ಧ, ಧ್ವನಿಯಲ್ಲಿ ಏನೂ ಕಳೆಯುವುದಿಲ್ಲ. ಎಂಪಿ3 ಕೇಳಲಿಕ್ಕೆ ಸಾಕು, ಕಾಪಿಡಲಿಕ್ಕೆ ಬೇಡ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ.

ಸೀಡಿಗೆ ಅಂಟಿಸಿದ ಕಾಗದದ ಲೇಬಲ್ ಇದ್ದರೆ ಕೀಳಬೇಡಿ, ಬೆಳ್ಳಿ ಪದರವೂ ಅದರೊಟ್ಟಿಗೆ ಎದ್ದು ಬರುತ್ತದೆ.